ಹುಬ್ಬಿನ ಗಂಟು, ಅಮ್ಮನ ಸುಣ್ಣ

ಕೇಳಿ ಮಾರಾಯ್ರೆ, ಎಂಟು ವರ್ಷದ ಮಗಳ ಹುಬ್ಬಿನ ಪಕ್ಕದ ಗಂಟಿಗೆ ನಮ್ಮಮ್ಮ ಎರಡು ತಿಂಗಳಿಂದ ಎಲೆ ಅಡಿಕೆಯ ಸುಣ್ಣ ಹಚ್ಚುತ್ತಿದ್ದರು. "ಕರಗ್ತದೆ, ಹೆದರ್ಬೇಡ" ಎನ್ನುತ್ತಿದ್ದರು.

ಇವತ್ತು ನಾವಿರುವ ವೇಲಚೇರಿಯ ಮಕ್ಕಳ ಸರ್ಜನ್ ಗಂಟನ್ನು ಒತ್ತಿ, ಸ್ಕ್ಯಾನ್ ನೋಡಿ, "ಕೂದಲಿನ ಬುಡದಲ್ಲಿ ಹುಟ್ಟಿದ ಗಡ್ಡೆ. ಕ್ಯಾನ್ಸರ್ ಥರ ಕಾಣಿಸ್ತಿಲ್ಲ, ಆದರೆ ತಾನಾಗಿ ಕರಗಲ್ಲ. ತೆಗೆದು ಪರೀಕ್ಷೆಗೆ ಕಳಿಸೋಣ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ಕಲ್ಲಿನ ಹಾಗೆ ಯಾಕಿದೆ?" ಎಂದೆ.

"ಒಳಗೆ ಸುಣ್ಣದ ಅಂಶ ಕಟ್ಟಿಕೊಂಡಿದೆ. ಈ ಗಡ್ಡೆಯ ಲಕ್ಷಣವೇ ಅದು."

ಇಲ್ಲೇ ಬೆಳೆದ ಮಗಳು ಜೊತೆಗೆ ಬಂದಿದ್ದ ನಮ್ಮಮ್ಮನ ಕಡೆ ತಿರುಗಿ ತಮಿಳಿನಲ್ಲಿ, "ಅಜ್ಜಿ, ಇನಿ ಸುಣ್ಣಾಂಬು ವೇಣ್ಡಾಂ!" ಎಂದಳು, ಇನ್ನು ಸುಣ್ಣ ಬೇಡ ಅಂತ.

ಮನೆಗೆ ಬಂದ ಕೂಡಲೇ ಅಮ್ಮ ಉಡುಪಿಯ ಚಿಕ್ಕಮ್ಮನಿಗೆ ಫೋನ್ ಮಾಡಿದರು: "ನಾನು ಹಚ್ಚಿದ ಸುಣ್ಣ ಒಳಗಿನವರೆಗೆ ಮುಟ್ಟಿದೆ ಅಂತ ಡಾಕ್ಟ್ರೇ ಹೇಳಿದ್ರು!"

ಆಪರೇಷನ್ ಬುಧವಾರ. ಅಲ್ಲಿಯವರೆಗೆ ಸುಣ್ಣದ ಡಬ್ಬಿ ನನ್ನ ಆಫೀಸ್ ಬ್ಯಾಗಿನಲ್ಲಿರುತ್ತದೆ.