ಗಿರಾಕಿಯ ಕಡೆಯ ಪರದೆ

ವಿದಿನ್ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಬಾಗಿಲು, ಕಂಬಗಳಿಗೆ ಅಂಟಿಸುವ ಸಾವಿನ ಚೀಟಿಗಳನ್ನು ತ್ಸ್ವೆತ್ಕೊ ತನ್ನ ಪುಟ್ಟ ಅಂಗಡಿಯಲ್ಲಿ ಮುದ್ರಿಸುತ್ತಿದ್ದ. ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಎರಡು ಪರದೆ ಜೋಡಿಸಿಕೊಂಡಿದ್ದ. ಒಂದು ತನ್ನ ಕಡೆಗೆ, ಇನ್ನೊಂದು ಗಿರಾಕಿಯ ಕುರ್ಚಿಯ ಕಡೆಗೆ. ಹೆಸರು, ತಾರೀಖು ಎಲ್ಲವನ್ನೂ ತನ್ನ ಪರದೆಯಲ್ಲೇ ಬರೆದು, ಇದ್ದುದರಲ್ಲಿ ನಗುವಿರುವ ಫೋಟೊ ಆರಿಸಿ, ಚೀಟಿ ಪೂರ್ತಿಯಾದ ಮೇಲಷ್ಟೇ ಆಚೆಯ ಪರದೆಗೆ ಸರಿಸುತ್ತಿದ್ದ.

“ಅಳೋರ ಎದುರಿಗೆ ಒಂದೊಂದೇ ಅಕ್ಷರ ಕುಟ್ತಾ ಕೂತ್ರೆ ಹೆಣದ ಪೆಟ್ಟಿಗೆಗೆ ಮೊಳೆ ಹೊಡೆದ ಹಾಗಿರುತ್ತೆ ಕಣೋ,” ಎಂದು ಜೊತೆಗಾರ ಮ್ಲಾದೆನ್‌ಗೆ ಹೇಳುತ್ತಿದ್ದ.

ತ್ಸ್ವೆತ್ಕೊನದೇ ಚೀಟಿ ಮಾಡಬೇಕಾಗಿ ಬಂದ ದಿನ ಅವನ ಹೆಂಡತಿ ರಾಯ್ನಾ ಆ ಕುರ್ಚಿಯಲ್ಲಿ ಕೂತಳು. ಅವಳೆದುರಿನ ಪರದೆ ಕಪ್ಪಾಗಿತ್ತು. ಇಷ್ಟು ವರ್ಷ ಕಾಗದ ಕತ್ತರಿಸಿಕೊಂಡಿದ್ದ ಮ್ಲಾದೆನ್‌ಗೆ ಪರದೆಗಳ ಏರ್ಪಾಡು ತಿಳಿಯದು. ಸೆಟ್ಟಿಂಗಿನಲ್ಲಿ ತಡಕಾಡಿ ಏನೋ ಒತ್ತಿದ. ಪರದೆ ಬೆಳಗಿತು. ಸದ್ಯ ಅಂದುಕೊಂಡು ಬರೆಯತೊಡಗಿದ.

ಹೆಸರು ಮುಗಿಸಿ, ಹುಟ್ಟಿದ ವರ್ಷದ ಮುಂದೆ ಅಡ್ಡಗೆರೆ ಎಳೆದಾಗ ರಾಯ್ನಾ ಬಿಕ್ಕಿದಳು. ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರುವಂತೆ ಅವನು ಒತ್ತಿಬಿಟ್ಟಿದ್ದ. ಅವಳು ಮೊದಲಿನಿಂದಲೂ ನೋಡುತ್ತಿದ್ದಳು.

“ಅಯ್ಯೋ, ತಪ್ಪಾಯ್ತು ಅತ್ತಿಗೆ! ಆ ಪರದೆ ಆರಿಸ್ತೀನಿ.”

“ಬೇಡ ಬಿಡು. ಎರಡೇ ಬೆರಳಲ್ಲಿ ಕುಟ್ತೀಯಲ್ಲೋ, ಅವರು ನೋಡಿದ್ರೆ ನಗ್ತಿದ್ರು.”

ಮ್ಲಾದೆನ್ ಮತ್ತೆ ಕೈಯಿಟ್ಟ. ಅಡ್ಡಗೆರೆಯ ಮುಂದಕ್ಕೆ ಬೆರಳು ಹೋಗಲೇ ಇಲ್ಲ. ರಾಯ್ನಾ ಎದ್ದು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. ತೀರಿಕೊಂಡ ವರ್ಷವನ್ನು ಅವಳೇ ಕುಟ್ಟಿದಳು. ಆಚೆಯ ಪರದೆಯಲ್ಲೂ ಅದು ಮೂಡಿತು, ಅಲ್ಲಿ ನೋಡುವವರು ಯಾರೂ ಇರಲಿಲ್ಲ.