ಗಂಗಕ್ಕನ ಮಾತ್ರೆ ಮತ್ತು ಮೈಕ್ ಹಾಲೇಶಣ್ಣ

ಹೊನ್ನಾಳಿಯಲ್ಲಿ ಯಾರು ಭಾಷಣ ಮಾಡಿದರೂ ಅವರಿಗಿಂತ ಮೊದಲು ಮೈಕಿನ ಮುಂದೆ ಬಾಯಿ ತೆರೆಯುತ್ತಿದ್ದವನು ಹಾಲೇಶಣ್ಣ. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಎಂದು ಹೇಳಿ, ಮೈಕನ್ನು ಎರಡು ಸಲ ಬೆರಳಿನಿಂದ ತಟ್ಟಿ, ಪಕ್ಕಕ್ಕೆ ಸರಿದುಬಿಡುತ್ತಿದ್ದ. ಅಲ್ಲಿಗೆ ಅವನ ಭಾಷಣ ಮುಗಿಯಿತು. ಮದುವೆ, ಹರಿಕಥೆ, ಓಟಿನ ಸಭೆ, ಯಾವುದಿದ್ದರೂ ಅವನದೇ ಮೈಕ್ ಸೆಟ್ಟು. ಹೆಗಲಿಗೆ ವೈರಿನ ಸುರುಳಿ, ಮುಂಗೈಗೆ ಬಳೆಯ ಹಾಗೆ ಹಾಕಿಕೊಂಡ ಇನ್ಸುಲೇಷನ್ ಟೇಪು, ಜೇಬಿನಲ್ಲಿ ಟೆಸ್ಟರು. ಹಾರ್ನ್ ಕಟ್ಟಲು ಬೇವಿನ ಮರವನ್ನು ಸರಸರ ಹತ್ತುತ್ತಿದ್ದ. ಮಾತು ಮಾತ್ರ ಬಲು ಮೆತ್ತಗೆ. ಯಾಕಣ್ಣ ಹಿಂಗೆ ಪಿಸುಗುಡ್ತೀಯ ಎಂದು ಕೇಳಿದರೆ, ಜೋರಾಗಿ ಮಾತಾಡೋರನ್ನೆಲ್ಲ ಹತ್ತಿರದಿಂದ ಕೇಳೀನಿ, ಸಾಕಾಗೈತೆ ಎನ್ನುತ್ತಿದ್ದ.

ನಾನು ಚನ್ನಗಿರಿಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿಸಿದವರು ಬೆಂಚಿನ ಮೇಲೆ ಕೂತು ತೂಕಡಿಸಿ, ಮನೆಗೆ ಹೋಗಿ ಉಂಡು ಬಂದರೂ ಲೈನ್ ಸಿಕ್ಕುತ್ತಿರಲಿಲ್ಲ. ಹಾಲೇಶಣ್ಣ ಮಾತ್ರ ಕೂರುತ್ತಿರಲಿಲ್ಲ. ಬೆಂಚಿನ ತುದಿಗೆ ಕೂತಂತೆ ಮಾಡಿ ಎದ್ದು ಬಾಗಿಲಿಗೆ ಹೋಗುವನು, ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ನನ್ನ ಬೋರ್ಡಿನ ಹತ್ತಿರಕ್ಕೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇನ್ನೊಂದು ಸಲ ಎದ್ದರೆ ಕಾಲ್ ಕ್ಯಾನ್ಸಲ್ ಮಾಡಿಬಿಡ್ತೀನಿ ನೋಡಿ ಎಂದು ಎಷ್ಟೋ ಸಲ ಗದರಿಸಿದ್ದೇನೆ. ಅವನು ತಪ್ಪಾಯಿತು ಎಂಬಂತೆ ಕೈ ಮುಗಿದು, ಕೂತು, ಮತ್ತೆ ಏಳುತ್ತಿದ್ದ.

ಅವನು ಫೋನ್ ಮಾಡಿಸುತ್ತಿದ್ದದ್ದು ನಮ್ಮ ಶಾಸಕರಿಗೆ. ವಿಷಯ ಅವನ ಅಕ್ಕನದು.

ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಅಕ್ಕ ಗಂಗಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದಿದ್ದಳು. ಅವಳಿಗೆ ಕ್ಷಯ ಹತ್ತಿತು. ಆಗೆಲ್ಲ ವರ್ಷಕ್ಕೂ ಹೆಚ್ಚು ಕಾಲ ದಿನ ತಪ್ಪದೆ ಮಾತ್ರೆ ನುಂಗಬೇಕಿತ್ತು. ನಡುವೆ ಬಿಟ್ಟರೆ ರೋಗ ಮೊದಲಿಗಿಂತ ಜೋರಾಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೆದರಿಸಿ ಕಳಿಸಿದ್ದರು. ಆ ಮಾತ್ರೆ ಅರ್ಧಕ್ಕೆ ಬಂದಿದ್ದಾಗ ಹೊಳೆದಂಡೆಯ ಬಯಲಿನಲ್ಲಿ ಒಂದು ಮಂಡಲಿಯವರ ಪ್ರವಚನ ನಡೆಯಿತು. ಅವರ ಹೆಸರು ನಾನು ಹೇಳುವುದಿಲ್ಲ. ಬಿಳಿ ಬಟ್ಟೆ, ಮೆಲುಮಾತು, ಜಗಳೂರಿನ ಹತ್ತಿರ ಎತ್ತರದ ಗೋಡೆಯ ಆಶ್ರಮ, ಅಪ್ಪಾಜಿ ಎಂಬ ಗುರು. ಮೈಕ್ ಸೆಟ್ಟು ಹಾಲೇಶಣ್ಣನದು. ಮನೆಯಲ್ಲಿ ಒಬ್ಬಳೇ ಮಂಕಾಗಿ ಕೂತಿರುತ್ತಾಳೆ, ನಾಲ್ಕು ಒಳ್ಳೆಯ ಮಾತು ಕಿವಿಗೆ ಬೀಳಲಿ ಎಂದು ಅವನೇ ಅಕ್ಕನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ. ಪ್ರವಚನ ಮುಗಿದು ಚಪ್ಪರ ಬಿಚ್ಚುವ ಹೊತ್ತಿಗೆ ಗಂಗಕ್ಕ ಮಂಡಲಿಯವರ ವ್ಯಾನಿನಲ್ಲಿ ಜಗಳೂರಿಗೆ ಹೊರಟುಹೋಗಿದ್ದಳು.

ಒಳಗೆ ಹೋದವರು ಮನೆಯವರನ್ನು ನೋಡಬಾರದು, ಹೊಸಿಲು ದಾಟಬಾರದು, ಔಷಧ ಮುಟ್ಟಬಾರದು. ಅಪ್ಪಾಜಿಯ ತೀರ್ಥವೇ ಔಷಧ. ಹಾಲೇಶಣ್ಣ ಪ್ರತಿ ವಾರ ದಾವಣಗೆರೆಗೆ ಹೋಗಿ ಬಸ್ಸು ಬದಲಿಸಿ ಜಗಳೂರಿಗೆ ಹೋಗುತ್ತಿದ್ದ. ಗೇಟಿನವನು ನಗುನಗುತ್ತಾ ಮಾತ್ರೆಯ ಪೊಟ್ಟಣ ವಾಪಸು ಕೊಡುತ್ತಿದ್ದ. ಬೈದಿದ್ದರೆ ಜಗಳ ಆಡಬಹುದಿತ್ತು, ನಕ್ಕರೆ ಏನು ಮಾಡಲಿ ಎಂದು ನನ್ನ ಮುಂದೆ ಕಣ್ಣಲ್ಲಿ ನೀರು ತಂದುಕೊಂಡಿದ್ದ.

ಶಾಸಕರು ಕೆಟ್ಟವರಲ್ಲ, ಆದರೆ ಜಾರುವುದರಲ್ಲಿ ನಿಸ್ಸೀಮರು. ಆ ಕಾಲದ ಲೈನು ಯಾವಾಗ ಕಡಿದುಹೋಗುತ್ತದೋ ಹೇಳುವಂತಿರಲಿಲ್ಲ, ಹಾಗಾಗಿ ಕಿವಿಗೆ ಹೆಡ್‌ಫೋನು ಇಟ್ಟೇ ಇರಬೇಕಿತ್ತು. ಬೇಡವೆಂದರೂ ಎಲ್ಲ ಕೇಳಿಸುತ್ತಿತ್ತು. ಅದು ಧರ್ಮದ ವಿಚಾರ ಕಣಪ್ಪ, ಕೈ ಹಾಕಿದರೆ ಸುಡುತ್ತದೆ ಎಂದರು ಒಮ್ಮೆ. ಇನ್ನೊಮ್ಮೆ, ಜಗಳೂರು ನನ್ನ ಕ್ಷೇತ್ರವಲ್ಲ, ನನ್ನ ಜಿಲ್ಲೆಯೂ ಅಲ್ಲ ಎಂದರು. ಅದು ನಿಜವೇ. ಆಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ಸರಿ, ಹಾಲೇಶಣ್ಣ ಆ ಕಡೆಯ ಶಾಸಕರ ಬಾಗಿಲಿಗೆ ಹೋದ. ನೀನು ಹೊನ್ನಾಳಿಯ ಓಟುದಾರ, ನಿನ್ನ ಎಮ್ಮೆಲ್ಲೆಯನ್ನು ಕೇಳು ಎಂದು ಅವರು ತಿರುಗಿಸಿ ಕಳಿಸಿದರು. ಅತ್ತ ದರಿ ಇತ್ತ ಪುಲಿ. ಆ ದಿನ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು ಅವನು ಹೇಳಿದ ಮಾತನ್ನು ನಾನು ಈಗಲೂ ಆಗಾಗ ಹೇಳಿಕೊಳ್ಳುತ್ತೇನೆ.

"ಎಮ್ಮೆಲ್ಲೆಗೆ ಗಡಿ ಐತೆ ಮೇಡಂ. ಕೆಮ್ಮಿಗೆ ಎಲ್ಲೈತೆ ಗಡಿ?"

ನ್ಯಾಮತಿಯಲ್ಲಿ ಪಶು ಆಸ್ಪತ್ರೆಯ ಉದ್ಘಾಟನೆಯ ದಿನ ನಾನು ನನ್ನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೊಡ್ಡಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹೊರಗೆ ಹಾರ್ನಿನಲ್ಲಿ ಹಾಲೇಶಣ್ಣನ ಹಲೋ ಹಲೋ ಕೇಳಿಸಿತು. ಆಮೇಲೆ ಶಾಸಕರ ಭಾಷಣ ಶುರುವಾಗಬೇಕು. ಆಗಲಿಲ್ಲ. ಮತ್ತೆ ಹಲೋ ಎಂದಿತು. ಜನ ನಕ್ಕದ್ದು ಕೇಳಿಸಿತು. ಮತ್ತೊಮ್ಮೆ ಹಲೋ. ಇವನಿಗೇನು ಬಂತು ಎಂದುಕೊಳ್ಳುವಷ್ಟರಲ್ಲಿ ಆ ಮೆತ್ತಗಿನ ದನಿ ನ್ಯಾಮತಿಯ ಮನೆಮನೆಯ ಒಳಗೂ ಬಂತು.

"ನಾನು ಮೈಕ್ ಹಾಲೇಶಿ. ಸಾಹೇಬ್ರೆ, ದನಕ್ಕೆ ಡಾಕ್ಟ್ರನ್ನ ಕೊಟ್ರಿ, ಭಾಳ ಸಂತೋಷ. ನಮ್ಮಕ್ಕಗೊಬ್ಬ ಡಾಕ್ಟ್ರು ಬೇಕು. ಜಗಳೂರು ಕಡೆ ಆ ಮಂಡಲಿಯಾಗೆ ಅದಾಳೆ. ಕ್ಷಯ ಐತೆ, ಮಾತ್ರೆ ಕೊಡಾಕೆ ಬಿಡಲ್ಲ. ಅವರ ದೇವರ ಸುದ್ದಿ ನಂಗೆ ಬ್ಯಾಡ. ಗೋಡೆ ಒಳಗೆ ಏನು ನಡಿತೈತೆ, ಒಂದ್ಸಲ ನೋಡಸ್ರಿ. ನೋಡಸ್ತೀನಿ ಅಂತ ಇದರಾಗೇ ಹೇಳ್ರಿ."

ದೊಡ್ಡಮ್ಮನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಅಲ್ಲಿ ನೋಡಿದರೆ ಹಾಲೇಶಣ್ಣ ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಶಾಸಕರ ಬಾಯಿಯ ಮುಂದೆ ಹಿಡಿದು ನಿಂತಿದ್ದಾನೆ. ಬೇರೆ ದಿನ ಭಾಷಣಕಾರರ ಎತ್ತರಕ್ಕೆ ಹೇಗೆ ಸರಿಮಾಡುತ್ತಿದ್ದನೋ ಹಾಗೇ, ಅಷ್ಟೇ ಮರ್ಯಾದೆಯಿಂದ. ಯಾರೋ ಮರಿ ಪುಢಾರಿ ಅವನ ಅಂಗಿ ಹಿಡಿದು ಎಳೆಯುತ್ತಿದ್ದ. ಶಾಸಕರು ಗಂಟಲು ಸರಿಮಾಡಿಕೊಂಡದ್ದು ಕೂಡ ಹಾರ್ನಿನಲ್ಲಿ ಕೇಳಿಸಿತು. ಕೊನೆಗೆ, ನೋಡಿಸ್ತೀನಪ್ಪ ಎಂದರು. ಜನ ಚಪ್ಪಾಳೆ ತಟ್ಟಿದರು. ಹಾರ್ನ್ ಕಟ್ಟಿದ್ದು ನಾಲ್ಕೂ ದಿಕ್ಕಿಗೆ. ಇನ್ನು ಹೇಳಿಲ್ಲ ಎನ್ನುವಂತಿರಲಿಲ್ಲ. ಆಮೇಲೆ ಹಾಲೇಶಣ್ಣ ವೈರು ಸುತ್ತತೊಡಗಿದ. ಇಷ್ಟು ವರ್ಷ ಊರಿಗೆಲ್ಲ ಮಾತಾಡಾಕೆ ಕೊಟ್ಟೆ, ಮಾತಾಡೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಎಂದ.

ಅದಕ್ಕೆ ದಂಡವನ್ನೂ ತೆತ್ತ. ಹೊನ್ನಾಳಿಯಲ್ಲಿ ಮಂಡಲಿಯ ಭಕ್ತರು ಕಡಿಮೆ ಇರಲಿಲ್ಲ. ಅವರು ಮದುವೆಗಳಿಗೆ ದಾವಣಗೆರೆಯಿಂದ ಮೈಕ್ ತರಿಸತೊಡಗಿದರು. ಸಾಧುಸಂತರ ತಂಟೆಗೆ ಹೋದವನು ಎಂದು ಬೀದಿಯಲ್ಲಿ ಮುಖ ತಿರುಗಿಸಿದವರೂ ಇದ್ದರು.

ಶಾಸಕರು ಮಾತು ಉಳಿಸಿಕೊಂಡರು, ಪಾಪ. ಆ ಕಡೆಯ ಶಾಸಕರ ಜೊತೆ ಮಾತಾಡಿ, ಒಬ್ಬ ಸರ್ಕಾರಿ ಡಾಕ್ಟರನ್ನೂ ಒಬ್ಬ ರೆವಿನ್ಯೂ ಇನ್‌ಸ್ಪೆಕ್ಟರನ್ನೂ ಗೊತ್ತುಮಾಡಿದರು. ಹೆಂಗಸರ ಕಡೆಗೆ ಗಂಡಸರನ್ನು ಏಕಾಏಕಿ ಬಿಡುವುದಿಲ್ಲ, ಒಬ್ಬ ಹೆಂಗಸು ಬೇಕು ಎಂದು ಹಾಲೇಶಣ್ಣ ನನ್ನ ಹತ್ತಿರ ಬಂದ. ನಾನೇನು ನರ್ಸೇ, ನನಗೇನು ಬೇರೆ ಕೆಲಸ ಇಲ್ಲವೇ ಎಂದು ರೇಗಿದೆ. ಮಾರನೆಯ ದಿನವೇ ರಜೆ ಬರೆದುಕೊಟ್ಟೆ.

ಒಳಗೆ ಹೋಗುವಾಗ ನನ್ನ ತಲೆಯಲ್ಲಿ ಏನೇನೋ ಇತ್ತು. ಕತ್ತಲೆ ಕೋಣೆ, ಸರಪಳಿ, ಅಳು. ಅದೊಂದೂ ಇರಲಿಲ್ಲ. ಸಾರಿಸಿದ ಅಂಗಳ, ಹುಣಸೆಹಣ್ಣು ಬಿಡಿಸುತ್ತಾ ನಗುತ್ತಿದ್ದ ಹೆಂಗಸರು, ಆಡುವ ಮಕ್ಕಳು. ಹಿಂದಿನ ಕೋಣೆಯಲ್ಲಿ ಗಂಗಕ್ಕ ಮಲಗಿದ್ದಳು. ಮೂಳೆ ಮೇಲೆ ತೊಗಲು, ಅಷ್ಟೇ. ಒಬ್ಬ ಹುಡುಗಿ ಅವಳ ಕಾಲು ಒತ್ತುತ್ತಿದ್ದಳು. ಗಂಗಕ್ಕ ಕುಡಿದಿಟ್ಟ ಲೋಟದಲ್ಲೇ ತಾನೂ ನೀರು ಕುಡಿದಳು. ಯಾರೂ ಈ ಹುಡುಗಿಗೆ ಹೇಳಿಲ್ಲವೇ ಎಂದು ನನಗೆ ಸಿಟ್ಟು ಬಂತು. ಗಂಗಕ್ಕನ ಕಿವಿಯ ಹತ್ತಿರ ಬಗ್ಗಿ, ನಿಮ್ಮ ತಮ್ಮ ಗೇಟಿನ ಹತ್ತಿರ ನಿಂತಿದ್ದಾನೆ, ಡಾಕ್ಟರು ಬಂದಿದ್ದಾರೆ, ಮನೆಗೆ ಹೋಗೋಣ ಎಂದೆ. ಅವಳು ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದಳು.

"ಮನೆಯಾಗೆ ನಂಗೆ ಬ್ಯಾರೆ ತಟ್ಟೆ ಇತ್ತವ್ವ. ಹಿತ್ತಲಾಗೆ ಬೋರಲು ಹಾಕಿರೋರು. ಇಲ್ಲಿ ಯಾರೂ ಹಂಗೆ ಮಾಡಲಿಲ್ಲ. ಸಾಯೋದಾದ್ರೆ ಇಲ್ಲೇ ಸಾಯ್ತೀನಿ ಅಂತ ಹೇಳು ಅವಂಗೆ."

ಹಾಲೇಶಣ್ಣನ ಹೆಂಡತಿ ಶಾಂತಮ್ಮ ಕೆಟ್ಟವಳಲ್ಲ. ಎರಡು ಸಣ್ಣ ಮಕ್ಕಳ ತಾಯಿ. ಪಾತ್ರೆ ಬೇರೆ ಇಡು ಎಂದು ಯಾರೋ ಹೇಳಿದ್ದರು, ಇಟ್ಟಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೂ ಆ ಮಾತನ್ನು ಗೇಟಿನವರೆಗೆ ಹೊತ್ತು ತರುವುದು ನನಗೆ ಬಹಳ ಕಷ್ಟವಾಯಿತು. ಬಣ್ಣ ಹಚ್ಚದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಲೇಶಣ್ಣ ಅತ್ತಿಂದಿತ್ತ ಓಡಾಡುತ್ತಿದ್ದವನು ನಿಂತ.

"ತಟ್ಟೆ ಬ್ಯಾರೆ ಮಾಡಿದಾಕೆ ಶಾಂತಿ," ಎಂದ. "ಅದನ್ನ ನೋಡ್ಕಂಡು ಉಂಡೋನು ನಾನು."

ಗಂಗಕ್ಕ ಆಸ್ಪತ್ರೆಗೆ ಬರಲೇ ಇಲ್ಲ. ಅವಳೇ ಒಲ್ಲೆ ಎಂದ ಮೇಲೆ ಎಳೆದುಕೊಂಡು ಹೋಗಲು ಆಗುತ್ತದೆಯೇ? ಡಾಕ್ಟರು ಮಾತ್ರ ಬಿಡಲಿಲ್ಲ. ಇವಳು ಸತ್ತರೆ ನೀವೇ ಹೊಣೆ ಎಂದು ಅಪ್ಪಾಜಿಯ ಮುಖಕ್ಕೇ ಹೇಳಿದರು. ಶಾಸಕರ ಹೆಸರೂ ಕೆಲಸ ಮಾಡಿತು. ಕೊನೆಗೆ ಮಂಡಲಿಯವರು ಒಂದು ಜಾಣ ದಾರಿ ಹುಡುಕಿದರು: ಔಷಧ ಹೊಸಿಲೊಳಗೆ ಬರಕೂಡದು, ಆದರೆ ಹೊಸಿಲ ಹೊರಗೆ ಕೈ ಚಾಚಿ ಯಾರಾದರೂ ಏನಾದರೂ ನುಂಗಿದರೆ ಅದು ತಮಗೆ ಸಂಬಂಧಿಸಿದ್ದಲ್ಲ! ಕೇಳಿ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಹಾಗಾದರೆ ದಿನಾ ಹೊಸಿಲ ಹೊರಗೆ ಯಾರು ನಿಲ್ಲಬೇಕು? ಹಾಲೇಶಣ್ಣ ಮೈಕ್ ಸೆಟ್ಟನ್ನು ಭಾವಮೈದುನನ ಕೈಗೆ ಕೊಟ್ಟು, ಜಗಳೂರಿನಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಅವನಿಗೆ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಹೇಳಿತು. ನಾನೂ ಹೇಳಿದೆ.

ಅವನು ಈಗಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಹೃದಯ ನಿಂತು ತೀರಿಕೊಂಡನಂತೆ. ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ನಾನು ಅವನನ್ನು ಕೊನೆಯ ಸಲ ನೋಡಿದ್ದು ಆ ಗೇಟಿನಲ್ಲೇ. ಅವನು ಜಗಳೂರು ಸೇರಿದ ಕೆಲವು ತಿಂಗಳಿಗೆ ನನಗೆ ಚಿತ್ರದುರ್ಗಕ್ಕೆ ವರ್ಗವಾಗಿತ್ತು. ಒಂದು ರಜೆಯ ದಿನ ಏನೋ ಕಳವಳವಾಗಿ, ಯಾರಿಗೂ ಹೇಳದೆ ಜಗಳೂರಿನ ಬಸ್ಸು ಹತ್ತಿದೆ.

ಮಟಮಟ ಮಧ್ಯಾಹ್ನ. ಗೇಟಿನ ಹೊಸಿಲ ಒಳಗೆ ಗಂಗಕ್ಕ, ಹೊರಗೆ ಹಾಲೇಶಣ್ಣ, ನಡುವೆ ಹೊಸಿಲ ಮೇಲೆ ಒಂದು ತಟ್ಟೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇಬ್ಬರೂ ಅದರಲ್ಲೇ ಮುರಿದು ಮುರಿದು ತಿನ್ನುತ್ತಿದ್ದರು. ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡರೆ ಮಾತ್ರ ಮಾತ್ರೆ ನುಂಗುತ್ತೇನೆ ಎಂಬುದು ಗಂಗಕ್ಕನ ಷರತ್ತಂತೆ. ಗಂಗಕ್ಕನ ಕೆನ್ನೆ ತುಂಬಿಕೊಂಡಿತ್ತು, ಆದರೂ ನಡುನಡುವೆ ಕೆಮ್ಮುತ್ತಿದ್ದಳು. ಮಾತ್ರೆ ಇನ್ನೂ ಮುಗಿದಿಲ್ಲ ಎಂದ ಹಾಲೇಶಣ್ಣ. ಒಳಗೆ ಇನ್ನೂ ಮಕ್ಕಳಿದ್ದಾವೆ, ಒಂದಕ್ಕೂ ಚುಚ್ಚುಮದ್ದು ಹಾಕಿಸಿಲ್ಲ, ಓಟು ಕೇಳಲು ಜೀಪು ಬರಲಿ, ಈ ಸಲ ಇಬ್ಬರು ಎಮ್ಮೆಲ್ಲೆಗಳನ್ನೂ ಕೇಳುತ್ತೇನೆ ಎಂದ. ಹೇಳುತ್ತಲೇ ಎದ್ದು ನನಗೆ ನೆರಳು ಎಲ್ಲಿದೆ ಎಂದು ಹುಡುಕತೊಡಗಿದ.

ಗಂಗಕ್ಕ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

"ಉಣ್ಣವ್ವ," ಎಂದಳು.

ನಾನು ಬಸ್ಸು ಬರುವ ದಾರಿಯ ಕಡೆ ನೋಡಿದೆ. ಹಾಲೇಶಣ್ಣ ನನ್ನ ಮುಖ ನೋಡಿದವನೇ, ಬ್ಯಾಡ ಬಿಡಕ್ಕ, ಅವರಿಗೆ ಬಸ್ಸಿಗೆ ಹೊತ್ತಾಗೈತೆ ಎಂದ. ನನಗೆ ದಾರಿ ಬಿಟ್ಟುಕೊಡುತ್ತಿದ್ದ. ನನಗೆ ಸಿಟ್ಟು ಬಂತು. ಅವನ ಮೇಲೋ, ನನ್ನ ಮೇಲೋ ಗೊತ್ತಾಗಲಿಲ್ಲ. ಸುಮ್ಮನೆ ಕೂತುಕೊಳ್ಳಿ ಎಂದು ಅವನನ್ನು ಗದರಿಸಿ, ಹೊಸಿಲ ಪಕ್ಕದ ಮಣ್ಣಿನಲ್ಲಿ ಕೂತು, ಗಂಗಕ್ಕ ಕಚ್ಚಿ ಇಟ್ಟಿದ್ದ ರೊಟ್ಟಿಯನ್ನೇ ಮುರಿದು ಬಾಯಿಗೆ ಹಾಕಿಕೊಂಡೆ. ನಾನು ಅಗಿದು ನುಂಗುವವರೆಗೂ ಗಂಗಕ್ಕ ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ತಮ್ಮನ ಕಡೆ ಕೈ ಚಾಚಿ, ತಾ ಎಂದು ಮಾತ್ರೆ ಈಸಿಕೊಂಡಳು.