ಯಾರೂ ಆನ್ ಮಾಡದ ಸೈರನ್

ಇದನ್ನು ಓದಿ ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ನಮ್ಮ ಮನೆಯಲ್ಲೇ ಯಾರೂ ನಂಬಲಿಲ್ಲ. "ನಿದ್ದೆಗೆಟ್ಟು ತಲೆ ಕೆಟ್ಟೈತೆ, ಒಂದು ತಾಯ್ತ ಕಟ್ಟಿಸ್ಕೋ" ಅಂದಳು ಅಮ್ಮ. ಆದರೆ ಆ ರಾತ್ರಿ ಆ ಸದ್ದು ಕೇಳಿದ್ದು ನಾನೊಬ್ಬಳೇ ಅಲ್ಲ. ಅಕ್ಕಪಕ್ಕದ ಲೈನಿನ ಜನವೆಲ್ಲ ಎದ್ದು ಬಂದಿದ್ದರು. ಅಷ್ಟೂ ಜನಕ್ಕೆ ಒಂದೇ ಹೊತ್ತಿಗೆ ತಲೆ ಕೆಡುವುದಿಲ್ಲ.

ನಾನು ಗೀತಾ. ಊರು ಕ್ಯಾಸಂಬಳ್ಳಿ ಪಕ್ಕ. ಐಟಿಐನಲ್ಲಿ ಕಂಪ್ಯೂಟರ್ ಕಲಿತು, ಕೆಜಿಎಫ್‌ನ ಒಂದು ಖಾಸಗಿ ಹಾಲಿನ ಚಿಲ್ಲಿಂಗ್ ಸೆಂಟರ್‌ನಲ್ಲಿ ಆಪರೇಟರ್ ಆಗಿದ್ದೇನೆ. ಸೆಂಟರಿನ ಒಂದು ಕಡೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬ, ಇನ್ನೊಂದು ಕಡೆ ಹಳೇ ಗಣಿ ಕಾರ್ಮಿಕರ ಸಾಲುಮನೆಗಳು. ಲೈನ್ ಅಂದರೆ ಅವೇ.

ಹಾಲು ತಣ್ಣಗಾಗಲು ನಮ್ಮಲ್ಲಿ ಅಮೋನಿಯಾ ಬಳಸುತ್ತಾರೆ. ಪೈಪಿನೊಳಗೆ ಇರುವಷ್ಟು ಹೊತ್ತು ಅದು ಹಾಲು ಕೆಡದಂತೆ ಕಾಪಾಡುತ್ತದೆ. ಹೊರಗೆ ಬಂದರೆ ಮನುಷ್ಯನ ಉಸಿರು ಕಟ್ಟಿಸುತ್ತದೆ. ಅದಕ್ಕೇ ಕೆಳಗಿನ ಕಂಪ್ರೆಸರ್ ರೂಮಿನಲ್ಲಿ ಗ್ಯಾಸ್ ಮೂಸುವ ಸೆನ್ಸರ್‌ಗಳು, ಮಹಡಿಯಲ್ಲಿ ಅದನ್ನು ನೋಡಿಕೊಳ್ಳುವ ಒಂದು ಕಂಪ್ಯೂಟರು, ತಾರಸಿಯ ಮೇಲೆ ಒಂದು ಸೈರನ್ನು.

ಆ ಕಂಪ್ಯೂಟರಿನ ಪ್ರೋಗ್ರಾಮು ಶುರುವಾಗುವಾಗ ಒಂದು ಪದ ಹುಡುಕುತ್ತದೆ. SIREN. ಅದು on ಅಂತಿದ್ದರೆ ಗ್ಯಾಸ್ ಸೋರಿದ ಕೂಡಲೇ ಸೈರನ್ ಕೂಗುತ್ತದೆ. off ಅಂತಿದ್ದರೆ ಪರದೆಯ ಮೇಲೆ ಅಂಕಿ ಕೆಂಪಾಗುತ್ತದೆ, ಅಷ್ಟೇ. ಇದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತಾರೆ. ಪ್ರೋಗ್ರಾಮು ಹುಟ್ಟುವ ಹೊತ್ತಿನಲ್ಲಿ ಅದರ ಕಿವಿಯಲ್ಲಿ ಹೇಳುವ ಮಾತು ಅಂದುಕೊಳ್ಳಿ. ಹುಟ್ಟಿದ ಮೇಲೆ ಪಕ್ಕದಲ್ಲಿ ನಿಂತು ಎಷ್ಟು ಅರಚಿದರೂ ಅದಕ್ಕೆ ಕೇಳುವುದಿಲ್ಲ.

ನಮ್ಮಲ್ಲಿ ಅದು off. ಕಾರಣವೂ ಇತ್ತು. ಕೆಜಿಎಫ್‌ನ ಹಳಬರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿತೆಂದರೆ ಗಣಿಯೊಳಗೆ ಬಂಡೆ ಸಿಡಿದಿದೆ ಅಂತಲೇ ಅರ್ಥ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಭಯ ಹೋಗಿಲ್ಲ. ಕೂಗು ಕೇಳಿದರೆ ಉಟ್ಟ ಬಟ್ಟೆಯಲ್ಲೇ ಓಡಿಬಂದು "ಒಳಗೆ ಯಾರು? ಒಳಗೆ ಯಾರು?" ಅಂತ ಕೇಳುವುದು ಅಲ್ಲಿಯ ರೂಢಿ. ಮೊದಲ ಸಲ ಸೈರನ್ ಟೆಸ್ಟ್ ಮಾಡಿದಾಗ ಹಾಗೇ ಆಯಿತು. ಓಡಿಬಂದ ಒಬ್ಬ ಅಜ್ಜಿ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡಳು. ಲೈನಿನವರು ಗಲಾಟೆ ಮಾಡಿದರು. ಮ್ಯಾನೇಜರ್ ಪ್ರೋಗ್ರಾಮು ಆ ಪದ ಓದಿಕೊಳ್ಳುವ ಫೈಲಿನಲ್ಲಿ off ಅಂತ ಬರೆದು ಕೈ ತೊಳೆದುಕೊಂಡರು. ಆ ಫೈಲ್ ತಿದ್ದುವ ಅಧಿಕಾರ ಅವರ ಲಾಗಿನ್‌ಗೆ ಬಿಟ್ಟರೆ ಇನ್ನಾರಿಗೂ ಇರಲಿಲ್ಲ.

ಇದಕ್ಕೆ ತಕರಾರು ಎತ್ತಿದ್ದು ಮುನಿರಾಜಣ್ಣ ಒಬ್ಬರೇ. ಕಾಮಸಮುದ್ರದ ಕಡೆಯವರು, ರಾತ್ರಿ ಪಾಳಿಯ ಕಂಪ್ರೆಸರ್ ಆಪರೇಟರ್. ಹೆಂಡತಿ ರತ್ನಮ್ಮನ ಜೊತೆ ನಮ್ಮ ಕಾಂಪೌಂಡ್ ಗೋಡೆಗೆ ಅಂಟಿದ ಲೈನ್ ಮನೆಯಲ್ಲೇ ಬಾಡಿಗೆಗಿದ್ದರು. ಆಗ ರಾತ್ರಿ ಹೊತ್ತು ಮಹಡಿಯಲ್ಲಿ ಕೂರುವವರೇ ಇರಲಿಲ್ಲ, ನನಗೆ ಹಗಲು ಡ್ಯೂಟಿ.

ಒಂದು ರಾತ್ರಿ ಕೆಳಗೆ ಗ್ಯಾಸ್ ಸೋರಿತು. ಮುನಿರಾಜಣ್ಣ ಬಾಗಿಲ ಹತ್ತಿರದವರೆಗೆ ತೆವಳಿಕೊಂಡು ಬಂದು ಅಲ್ಲೇ ಸತ್ತಿದ್ದರು.

ಬೆಳಗಾಗುವುದರೊಳಗೆ ಫೈಲಿನಲ್ಲಿ off ಇದ್ದದ್ದು on ಆಯಿತು. "ಸೈರನ್ ಕೂಗಿದೆ, ಕುಡಿದು ಮಲಗಿದ್ದ, ಎದ್ದಿಲ್ಲ" ಅಂದರು ಮ್ಯಾನೇಜರ್. ಹಬ್ಬಕ್ಕೂ ಒಂದು ತೊಟ್ಟು ಮುಟ್ಟದ ಮನುಷ್ಯನ ಮೇಲೆ ಗೂಬೆ ಕೂರಿಸಿದರು. ರತ್ನಮ್ಮ ಗೇಟಿನ ಮುಂದೆ ಎದೆ ಬಡಿದುಕೊಂಡು, "ಗ್ವಾಡೆ ಪಕ್ದಾಗೇ ಮಲ್ಗಿದ್ದೆ, ಕೂಗೇ ಇಲ್ಲ" ಅಂತ ಕಿರುಚಿದಳು. ಹೆಂಡತಿಯಲ್ಲವೇ, ಗಂಡನ ಪರ ಹೇಳುತ್ತಾಳೆ ಅಂದರು. ಲೈನಿನವರೂ ಕೂಗಿಲ್ಲ ಅಂದರು. ಗಾಳಿ ಬೇರೆ ಕಡೆಗೆ ಬೀಸುತ್ತಿತ್ತು ಅಂತ ಬರೆದುಕೊಂಡರು. ವಿಚಾರಣೆ ಮುಗಿಯಿತು. ಒಂದು ತಿಂಗಳು ಕಳೆಯುವುದರೊಳಗೆ on ಮತ್ತೆ off ಆಯಿತು.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ರಾತ್ರಿ ಹೊತ್ತು ಪರದೆ ನೋಡುತ್ತಾ ಕೂರಲು ನನ್ನನ್ನು ಹಾಕಿದರು. ಅಂಕಿ ಕೆಂಪಾದರೆ ಕೆಳಗೆ ಫೋನ್ ಮಾಡಬೇಕು. ಕೆಳಗೆ ಮುನಿರಾಜಣ್ಣನ ಜಾಗಕ್ಕೆ, ಅದುವರೆಗೆ ಸಂಜೆ ಪಾಳಿಯಲ್ಲಿದ್ದ ಸೆಲ್ವಣ್ಣ ಬಂದರು. ಅಲ್ಲೇ ಲೈನಿನಲ್ಲಿ ಹುಟ್ಟಿ ಬೆಳೆದ ತಮಿಳರು, ತಂಗಿ ಅನ್ನುವ ಬದಲು ನನ್ನನ್ನು ತಂಗಚ್ಚಿ ಅಂತ ಕರೆಯುತ್ತಾರೆ.

ಆ ರಾತ್ರಿ ಸೆಲ್ವಣ್ಣ ಟೀ ಫ್ಲಾಸ್ಕ್ ಹಿಡಿದು ಮೇಲೆ ಬಂದಿದ್ದರು. ಕಂಪ್ಯೂಟರಿನ ಕಡೆ ನೋಡುತ್ತಾ ಅಂದರು...

"ಮುನಿರಾಜು ಡೈಲಿ ಪಾಳಿ ಶುರು ಆಗೋವಾಗ ಇಲ್ಲಿ ಬಂದು ಏನೋ ಒಂದ್ ಲೈನ್ ಟೈಪ್ ಒಡೀತಿದ್ದ, ತಂಗಚ್ಚಿ. ಸೈರನ್ ಆನ್ ಮಾಡೋದಂತೆ. ಮ್ಯಾನೇಜರೇ ಏಳ್ಕೊಟ್ಟಿದ್ರಂತೆ. ಅದನ್ನ ಒಡೆದ ಮೇಲೇನೇ ಕೆಳಗೆ ಇಳೀತಿದ್ದ."

"ಏನ್ ಟೈಪ್ ಮಾಡ್ತಿದ್ರಣ್ಣಾ?"

"ಅದೆಲ್ಲಾ ನಂಗೆಲ್ಲಿ ಗೊತ್ತು? ಸ್ಕ್ರೀನ್ ಮೇಲೆ ಒಂದ್ ಕಪ್ಪು ಕಿಟಕಿ ತೆಗೀತಿದ್ದ. ಎಕ್ಸ್‌ಪೋರ್ಟ್ ಅಂತಿದ್ದ, ಸೈರನ್ ಅಂತಿದ್ದ. ಒಡ್ದು, ಕಿಟಕಿ ಮುಚ್ಚಿ, ಕೈ ಮುಗೀತಿದ್ದ."

ನನ್ನ ಕೈಯಲ್ಲಿದ್ದ ಟೀ ಆರಿಹೋಯಿತು.

export SIREN=on. ನಾನು ಹತ್ತು ಸಲ ಬಳಸಿರುವ ಕಮಾಂಡು. ಆ ಮಾತು ಆ ಕಿಟಕಿಗೆ ಮಾತ್ರ ಗೊತ್ತಾಗುತ್ತದೆ, ಆ ಕಿಟಕಿಯಿಂದ ಹೊರಡುವ ಪ್ರೋಗ್ರಾಮುಗಳಿಗೆ ಗೊತ್ತಾಗುತ್ತದೆ. ಮೊದಲೇ ಓಡುತ್ತಿರುವ ಗ್ಯಾಸ್ ಪ್ರೋಗ್ರಾಮಿಗೆ ಅದರ ಸುಳಿವೂ ಸಿಗುವುದಿಲ್ಲ. ಕಿಟಕಿ ಮುಚ್ಚಿದರೆ ಮಾತು ಅಲ್ಲೇ ಸತ್ತುಹೋಗುತ್ತದೆ.

ಮುನಿರಾಜಣ್ಣ ವಾಲ್ವ್ ತಿರುಗಿಸುವ ಮನುಷ್ಯ. ವಾಲ್ವ್ ಒಂದು ಸಲ ತಿರುಗಿಸಿದರೆ ಇನ್ನೊಬ್ಬರು ಬಂದು ತಿರುಗಿಸುವವರೆಗೆ ಹಾಗೇ ಇರುತ್ತದೆ. ಇದೂ ಹಾಗೇ ಅಂತ ನಂಬಿದ್ದರು. ಹಾಗಲ್ಲ ಅಂತ ಮ್ಯಾನೇಜರ್‌ಗೆ ಗೊತ್ತಿತ್ತು. ಕಾಟ ತಪ್ಪಲಿ ಅಂತ ಮೂಗಿಗೆ ತುಪ್ಪ ಸವರಿ ಕಳಿಸಿದ್ದರು. ಸೈರನ್ ಆನ್ ಇದೆ ಅನ್ನುವ ಧೈರ್ಯದಲ್ಲಿ ಆ ಮನುಷ್ಯ ಪ್ರತಿ ರಾತ್ರಿ ಕೆಳಗಿಳಿಯುತ್ತಿದ್ದರು. ನಾನು ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ.

"ಏನಾಯ್ತು ತಂಗಚ್ಚಿ?"

"ಏನಿಲ್ಲಣ್ಣಾ. ನೀನ್ ಬಾಗ್ಲು ತೆಗ್ದಿಟ್ಕೊಂಡು ಕೂತ್ಕೋ."

ಸೆಲ್ವಣ್ಣ ಇಳಿದು ಹೋದರು. ಮಾರಿಕುಪ್ಪಂ ಕಡೆಯಿಂದ ರೈಲಿನ ಹಾರ್ನ್ ಕೇಳಿಸಿ ನಿಂತಿತು. ಕೆಳಗಿನಿಂದ ಕಂಪ್ರೆಸರಿನ ಗುಂಯ್ ಅನ್ನುವ ಸದ್ದು. ದಿಬ್ಬದ ಧೂಳು ಕಿಟಕಿ ಗಾಜಿಗೆ ಸರಸರ ಅಂತ ಬಡಿಯುತ್ತಿತ್ತು.

ಸುಮ್ಮನಿರಲಾರದೆ ಒಂದು ಕಪ್ಪು ಕಿಟಕಿ ತೆರೆದೆ. env ಅಂತ ಹೊಡೆದರೆ ಆ ಕಿಟಕಿಗೆ ಗೊತ್ತಿರುವ ಮಾತುಗಳೆಲ್ಲ ಸಾಲಾಗಿ ಬರುತ್ತವೆ. ಬಂದವು. ಕೊನೆಯ ಸಾಲು...

SIREN=on

ನಾನು ಹಾಕಿರಲಿಲ್ಲ. unset ಅಂತ ಕೊಟ್ಟು ಅಳಿಸಿದೆ. ಕಿಟಕಿ ಮುಚ್ಚಿ ಇನ್ನೊಂದು ತೆರೆದೆ. ಅಲ್ಲೂ ಇತ್ತು. ಮತ್ತೆ ಅಳಿಸಿದೆ, ಮತ್ತೆ ಹೊಸದು ತೆರೆದೆ... ಮತ್ತೆ ಇತ್ತು. ನನ್ನ ಲಾಗಿನ್ನಿನ ಫೈಲುಗಳನ್ನೆಲ್ಲ ಜಾಲಾಡಿದೆ, ಎಲ್ಲೂ ಆ ಪದವೇ ಇಲ್ಲ. ಇಂಥ ಮಾತು ಹೆತ್ತವರಿಂದ ಮಕ್ಕಳಿಗೆ ಬಂದ ಹಾಗೆ ಮೇಲಿನಿಂದಲೇ ಇಳಿದು ಬರಬೇಕು. ಆ ಕಿಟಕಿಯನ್ನು ಹುಟ್ಟಿಸಿದ ಪ್ರೋಗ್ರಾಮಿನಲ್ಲೂ ನೋಡಿದೆ. ಅಲ್ಲೂ ಇಲ್ಲ.

ಆಗ ವಾಸನೆ ಬಂತು. ಅಮೋನಿಯಾದ್ದಲ್ಲ. ನೆಗಡಿಗೆ ಹಚ್ಚುವ ಮುಲಾಮಿನ ವಾಸನೆ. ಗ್ಯಾಸಿನ ಘಾಟು ತಡೆಯಲು ಮುನಿರಾಜಣ್ಣ ಮೂಗಿನ ಕೆಳಗೆ ದಪ್ಪಗೆ ಹಚ್ಚಿಕೊಳ್ಳುತ್ತಿದ್ದರು, ಹಗಲು ಪಾಳಿಗೆ ಬರುತ್ತಿದ್ದ ನಮಗೆಲ್ಲ ಆ ವಾಸನೆ ಪರಿಚಯ. ಸೆಲ್ವಣ್ಣನಿಗೆ ಮುಲಾಮು ಅಂದರೆ ಆಗುವುದಿಲ್ಲ. ರೂಮಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ತಿರುಗಿ ನೋಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಸೈರನ್ ಕೂಗಿತು.

ಮೊದಲು ಪರದೆ ನೋಡಿದೆ. ಅಂಕಿ ಸೊನ್ನೆ. ಹಸಿರು. ಗ್ಯಾಸ್ ಇಲ್ಲವೇ ಇಲ್ಲ. ಆದರೂ ಕೂಗುತ್ತಿದೆ... ಗೋಡೆ, ಮೇಜು, ನನ್ನ ಹಲ್ಲು ಎಲ್ಲಾ ನಡುಗುತ್ತಿದೆ. ಮೆಟ್ಟಿಲಿನತ್ತ ಓಡಿದೆ.

"ಸೆಲ್ವಣ್ಣಾ! ಒರಗ್ ಬಾ! ಒರಗ್ ಬಾರಣ್ಣಾ!"

ಅವರು ಬೈದುಕೊಳ್ಳುತ್ತಲೇ ಅಂಗಳಕ್ಕೆ ಬಂದರು. "ಯಾರಮ್ಮಾ ಅದನ್ನ ಆನ್ ಮಾಡಿದ್ದು? ಒಳಗೆ ಏನೂ ಇಲ್ಲ, ಎಲ್ಲಾ ಸರಿಯಾಗೇ..."

ಮಾತು ಮುಗಿಯಲಿಲ್ಲ. ಒಳಗೆ ಫಟ್ ಅಂತ ಸದ್ದಾಯಿತು. ಅವರು ಈಗಷ್ಟೇ ಎದ್ದು ಬಂದ ಸ್ಟೂಲಿನ ಹಿಂದಿನ ಪೈಪಿನ ಜಾಯಿಂಟು ಕಿತ್ತುಹೋಗಿತ್ತು. ತೆರೆದಿದ್ದ ಬಾಗಿಲಿನಿಂದ ಬೆಳ್ಳಗೆ ಹೊಗೆ ಉರುಳಿ ಬಂತು. ಕಣ್ಣು ಉರಿದು ನೀರಾಯಿತು. ಒದ್ದೆ ಟವೆಲ್ ಮುಖಕ್ಕೆ ಒತ್ತಿಕೊಂಡು, ಹೊರಗಿನ ಪ್ಯಾನಲ್‌ನಲ್ಲಿ ಕಂಪ್ರೆಸರಿನ ಮೇನ್ ಆಫ್ ಮಾಡಿ, ಇಬ್ಬರೂ ಗೇಟಿಗೆ ಓಡಿದೆವು.

ಗೇಟಿನಲ್ಲಿ ಜನವೋ ಜನ. ಮುದುಕಿಯರು, ಟಾರ್ಚ್ ಹಿಡಿದ ಗಂಡಸರು, ಕೂಸು ಎತ್ತಿಕೊಂಡ ಹೆಂಗಸರು. ತಮಿಳಿನಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಒಳಗೆ ಯಾರು? ಸೆಲ್ವಣ್ಣ ಎರಡೂ ಕೈ ಎತ್ತಿ, "ಯಾರೂ ಇಲ್ಲೆ! ನಾನೇ... ನಾನ್ ಈಚೆ ಬಂದ್ಬಿಟ್ಟೆ! ದೂರ ಓಗಿ, ಮೂಗು ಮುಚ್ಕೊಳ್ಳಿ!" ಅಂತ ಕೂಗಿ ಅವರನ್ನು ಹಿಂದಕ್ಕೆ ಕಳಿಸಿದರು. ಆಮೇಲೆ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟರು.

ಫೈರ್ ಇಂಜಿನ್ ಬಂದು ನೀರು ಹಾಯಿಸಿತು. ಬಂಗಾರಪೇಟೆಯಿಂದ ಮ್ಯಾನೇಜರ್ ಕಾರಿನಲ್ಲಿ ಬಂದರು. ಇಳಿದವರೇ ಫೈರ್ ಆಫೀಸರ ಹತ್ತಿರ, "ನೋಡಿ ಸಾರ್, ನಮ್ಮಲ್ಲಿ ಸೈರನ್ ಯಾವಾಗಲೂ ಆನ್ ಇರುತ್ತೆ. ಅದಕ್ಕೇ ಒಂದು ಜೀವ ಉಳಿಯಿತು" ಅಂದರು. ನಾಚಿಕೆ ಅನ್ನುವುದು ಆ ಮನುಷ್ಯನ ಹತ್ತಿರವೂ ಸುಳಿದಿಲ್ಲ.

ಜನರ ನಡುವಿನಿಂದ ರತ್ನಮ್ಮ ಮುಂದೆ ಬಂದಳು. ತಲೆಗೂದಲು ಬಿಚ್ಚಿಹೋಗಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ದನಿ ಏರಿಸಲೂ ಇಲ್ಲ.

"ಇವತ್ ಕೂಗ್ತು, ನಾನ್ ಎದ್ ಬಂದೆ ಸಾರ್. ಅವತ್ ಕೂಗಿದ್ರೆ ಬತ್ತಿರ್ಲಿಲ್ವಾ?"

ಫೈರ್ ಆಫೀಸರು ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರ್ ನೆಲ ನೋಡಿದರು.

ಗಾಳಿ ತಿಳಿಯಾದ ಮೇಲೆ ಮ್ಯಾನೇಜರ್ ನನ್ನನ್ನು ಮಹಡಿಗೆ ಕರೆದರು. "ನಿಜ ಹೇಳು ಗೀತಾ, ಯಾರು ಆನ್ ಮಾಡಿದ್ದು?"

"ನನ್ ಲಾಗಿನ್‌ಗೆ ಅಧಿಕಾರಾನೇ ಇಲ್ವಲ್ಲಾ ಸಾರ್. ನೀವೇ ನೋಡಿ."

ತಮ್ಮ ಲಾಗಿನ್ನಿನಲ್ಲಿ ನೋಡಿದರು. ಫೈಲಿನಲ್ಲಿ off. ಓಡುತ್ತಿದ್ದ ಪ್ರೋಗ್ರಾಮಿನ ಒಳಗೂ off. ಸೈರನ್ನಿಗೆ ಕೂಗು ಅಂತ ಕಂಪ್ಯೂಟರಿನಿಂದ ಅಪ್ಪಣೆಯೇ ಹೋಗಿರಲಿಲ್ಲ. ಆಮೇಲೆ, "ಶಾರ್ಟ್ ಸರ್ಕ್ಯೂಟ್" ಅಂದರು. ನನಗೂ ಹಾಗೇ ಹೇಳಲು ಹೇಳಿದರು. ಮುನಿರಾಜಣ್ಣನ ವಿಷಯ ಮತ್ತೆ ತೆರೆಯುವುದಾಗಿ ಯಾರೂ ಹೇಳಲಿಲ್ಲ. ಮಾರನೇ ವಾರ ಎಲೆಕ್ಟ್ರಿಷಿಯನ್ ಬಂದು, ರಿಪೇರಿ ಅಂತ ಸೈರನ್ನನ್ನೇ ಬಿಚ್ಚಿಕೊಂಡು ಹೋದ. ಇವತ್ತಿಗೂ ತಂದಿಲ್ಲ.

ಬದುಕಿದ್ದಾಗ ದಿನಾ ಕೈಮುಗಿದು ಕೇಳಿಕೊಂಡವನ ಮಾತು ಕೇಳದ ಮೆಷಿನ್ನು, ಸತ್ತ ಮೇಲೆ ಹೇಗೆ ಕೇಳಿತು? ಇದನ್ನು ಯೋಚಿಸಿದರೆ ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಕಪ್ಪು ಕಿಟಕಿ ತೆರೆದು env ಹೊಡೆದಾಗಲೆಲ್ಲ ಆ ಸಾಲು ಇನ್ನೂ ಬರುತ್ತದೆ. ನಾನು ಅಳಿಸುವುದಿಲ್ಲ.

ಮೊನ್ನೆ ರಾತ್ರಿ ಗೇಟು ಬಡಿದ ಸದ್ದಾಯಿತು. ರತ್ನಮ್ಮ. ಏದುಸಿರು ಬಿಡುತ್ತಿದ್ದಳು.

"ಗೀತಮ್ಮಾ, ಒಳ್ಗೆ ಯಾರು?"

"ಯಾಕಕ್ಕಾ?"

"ಸೈರನ್ ಕೂಗ್ತಾ ಐತಲ್ಲಮ್ಮಾ... ನಿಂಗ್ ಕೇಳಿಸ್ತಾ ಇಲ್ವಾ?"

ತಾರಸಿ ನೋಡಿದೆ. ಬರೀ ಕಬ್ಬಿಣದ ಕಂಬ. ಕಂಪ್ರೆಸರ್ ಬಿಟ್ಟರೆ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಆದರೂ ಓಡಿಹೋಗಿ ಸೆಲ್ವಣ್ಣನನ್ನು ಹೊರಗೆ ಎಳೆದು ತಂದೆ. ಮೂವರೂ ಗೇಟಿನ ಹತ್ತಿರ, ಕಂಪ್ರೆಸರ್ ರೂಮಿನ ತೆರೆದ ಬಾಗಿಲನ್ನೇ ನೋಡುತ್ತಾ ನಿಂತೆವು. ಏನೂ ಆಗಲಿಲ್ಲ. ಬಹಳ ಹೊತ್ತಾದರೂ ಏನೂ ಆಗಲಿಲ್ಲ.

ಕೊನೆಗೆ ಸೆಲ್ವಣ್ಣ ಟವೆಲ್ ಕೊಡವಿ ಹೊರಟರು. ನಾನು ಅವರ ಕೈ ಹಿಡಿದುಕೊಂಡೆ.

"ಓಗ್ಬೇಡಣ್ಣಾ."

"ಬೆಳಿಗ್ಗೆ ಟ್ಯಾಂಕರ್ ಬರುತ್ತೆ ತಂಗಚ್ಚಿ. ಆಲು ಕೆಟ್ರೆ ಕೇಳೋಕೆ ಜನ ಇದ್ದಾರೆ" ಅಂದರು.

ಕೈ ಬಿಡಿಸಿಕೊಂಡು ಒಳಗೆ ಹೋದರು. ರತ್ನಮ್ಮ ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದಳು.